ಲಿಖಿತಾಳ ಬದಲಿಗೆ

ಹಾಲ್ಕುರಿಕೆ
12-6-2023

ಸುನಂದಾ,

ಇಲ್ಲಿ ನಾನೂ ನಿನ್ನ ತಮ್ಮ ತೋಂಟದಾರ್ಯನೂ ಇದ್ದೇವೆ. ನೀನು, ಅಳಿಯಂದಿರು, ಲಿಖಿತಾ ಹೇಗಿದ್ದೀರಿ ಎಂದು ಬರೆ. ಫೋನ್ ಮಾಡಿ ತೋಂಟದಾರ್ಯನ ಹತ್ತಿರ 'ಅವ್ವಂಗೆ ಹೇಳು' ಅನ್ನಬೇಡ. ನನ್ನ ಎರಡೂ ಕಿವಿ ಹೋಗಿ ಮೂರು ವರ್ಷವಾಯಿತು. ಅವನು ಅರ್ಧ ನುಂಗಿ ಅರ್ಧ ಹೇಳುತ್ತಾನೆ. ಬರೆದದ್ದನ್ನು ಯಾರೂ ನುಂಗಲಾರರು.

ವಿಷಯಕ್ಕೆ ಬರುತ್ತೇನೆ. ನಿನ್ನ ತಮ್ಮನಿಗೆ ಮೂವತ್ತೆಂಟು ತುಂಬಿತು. ತುರುವೇಕೆರೆ, ದಬ್ಬೇಘಟ್ಟ, ಚಿಕ್ಕನಾಯಕನಹಳ್ಳಿ, ಯಾವ ದಿಕ್ಕಿನ ಹೆಣ್ಣನ್ನೂ ನೋಡದೆ ಬಿಟ್ಟಿಲ್ಲ. ಬಂದವರೆಲ್ಲ ತೋಟ ಸುತ್ತುತ್ತಾರೆ, ಎಳನೀರು ಕುಡಿಯುತ್ತಾರೆ, ಅಟ್ಟದ ಮೇಲಿನ ಕಾಯಿ ನೋಡಿ ತಲೆದೂಗುತ್ತಾರೆ. ವಾರ ಕಳೆದ ಮೇಲೆ 'ಹುಡುಗಿ ಪ್ಯಾಟೇಲೇ ಇರ್ಬೇಕು ಅಂತಾಳೆ ಕಣಪ್ಪ' ಎಂದು ತೋಂಟನಿಗೆ ಹೇಳಿ ಕಳಿಸುತ್ತಾರೆ. ನನಗೂ ಸಾಕಾಯಿತು.

ಲಿಖಿತಾ ಹುಟ್ಟಿದಾಗ ನಿನ್ನ ಬಾಣಂತನ ಮಾಡಿದವಳು ನಾನು. ತೊಟ್ಟಿಲಿಗೆ ಹಾಕಿದ ದಿನ 'ಇವಳು ನಮ್ ತೋಂಟನ್ ಹೆಂಡ್ತಿ' ಎಂದು ಎಲ್ಲರೆದುರಿಗೂ ಅಂದೆ. ನೀನು ನಕ್ಕು ತಲೆಯಾಡಿಸಿದೆ. ಈಗ ಅವಳಿಗೆ ಇಪ್ಪತ್ತು. ಸೋದರಮಾವ ಇರುವಾಗ ಹೊರಗಿನವರ ಬಾಗಿಲು ಯಾಕೆ ತಟ್ಟಬೇಕು? ನನ್ನನ್ನೂ ಸೋದರಮಾವನಿಗೇ ಕೊಟ್ಟದ್ದು, ನಾನೇನು ಕೆಟ್ಟೆನೇ? ದೀಪಾವಳಿಯೊಳಗೆ ಮುಗಿಸೋಣ. ಅಳಿಯಂದಿರಿಗೆ ನೀನೇ ಹೇಳು.

ಮೀನಾಕ್ಷಮ್ಮ


ಟೀಕಮ್‌ಗಢ
3-7-2023

ಅವ್ವಾ,

ನಿನ್ನ ಕಾಗದ ಬರಲು ಹನ್ನೊಂದು ದಿನ ಹಿಡಿಯಿತು. ಇವರನ್ನು ಬ್ಯಾಂಕಿನವರು ಉತ್ತರದ ಎಂಥ ಕಡೆಗೆ ಹಾಕಿದ್ದಾರೆ ಅಂದರೆ, ಹತ್ತು ವರ್ಷವಾದರೂ ತೆಂಗಿನಮರ ಇಲ್ಲಿ ಕ್ಯಾಲೆಂಡರಿನಲ್ಲಿ ಮಾತ್ರ ಕಾಣುತ್ತದೆ. ಎಲ್ಲಿ ನೋಡಿದರೂ ಕಲ್ಲುಗುಡ್ಡ, ಮುತ್ತುಗದ ಗಿಡ, ಇಪ್ಪೆಮರ. ಇಪ್ಪೆ ಹೂವನ್ನು ಒಣಗಿಸಿ ಹಿಟ್ಟಿಗೆ ಕಲಸಿ ರೊಟ್ಟಿ ಬಡಿಯುತ್ತಾರೆ. ಆದರೆ ನಮ್ಮ ಕೊಬ್ಬರಿ ಇಲ್ಲಿಯ ಸಂತೆಗೂ ಬಂದಿದೆ. ಗೋಲಾ ಅನ್ನುತ್ತಾರೆ. ದೀಪಾವಳಿ ಮುಗಿದ ಎರಡನೇ ದಿನ ಅಕ್ಕತಂಗಿಯರು ಅಣ್ಣತಮ್ಮಂದಿರ ಕೈಗೆ ಆ ಗಿಟುಕನ್ನು ಕೊಟ್ಟು ಕುಂಕುಮ ಇಡುತ್ತಾರೆ.

ಇನ್ನು ನೀನು ಕೇಳಿದ್ದು. ಲಿಖಿತಾಗೆ ಇನ್ನೂ ಎರಡು ವರ್ಷ ಕಾಲೇಜಿದೆ. ಅವಳು ಹತ್ತು ವರ್ಷದವಳಿದ್ದಾಗಿನಿಂದ ಈ ಕಡೆಯೇ ಬೆಳೆದವಳು. ಇಲ್ಲಿಯ ಜನಕ್ಕೆ ಸೋದರಮಾವ ಅಂದರೆ ತಂದೆಗೆ ಸಮ. ನಮ್ಮಲ್ಲಿ ಮಾವನಿಗೆ ಕೊಡುತ್ತಾರೆ ಎಂದು ಮಾತಿಗೆ ಹೇಳಿದ್ದಕ್ಕೆ ನಮ್ಮ ಮನೆಯ ಕೆಲಸದವಳು ಎರಡೂ ಕಿವಿ ಮುಚ್ಚಿಕೊಂಡು 'ರಾಮ ರಾಮ' ಅಂದಳು. ಲಿಖಿತಾ ಅಲ್ಲೇ ಇದ್ದಳು. ಅವಳ ಮುಖ ನೋಡಲು ನನಗಾಗಲಿಲ್ಲ.

ತೋಂಟನಿಗೆ ನಾನೇ ಒಂದು ಒಳ್ಳೆಯ ಹೆಣ್ಣು ಹುಡುಕುತ್ತೇನೆ. ಸ್ವಲ್ಪ ಸಮಯ ಕೊಡು.

ಸುನಂದಾ


ಹಾಲ್ಕುರಿಕೆ
20-7-2023

ಸುನಂದಾ,

ಪಾತ್ರೆ ತೊಳೆಯುವವಳನ್ನು ಕೇಳಿ ಮನೆಯ ಮದುವೆ ಮಾಡುವ ಕಾಲ ಬಂತೇ? ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ.

ಸಮಯ ಕೇಳಿದ್ದೀ, ಕೊಟ್ಟೆ. ದೀಪಾವಳಿಯ ಹೊತ್ತಿಗೆ ನನ್ನ ಹೊಸಿಲಿನ ಒಳಗೆ ಒಂದು ಹೆಣ್ಣು ಇರಬೇಕು. ನೀನು ಹುಡುಕಿದವಳಾದರೂ ಸರಿ, ನೀನು ಹೆತ್ತವಳಾದರೂ ಸರಿ. ಇಲ್ಲದಿದ್ದರೆ ನಾನೇ ರೈಲು ಹತ್ತಿ ಬಂದು ಲಿಖಿತಾಳ ಮುಂದೆ ಸೆರಗು ಒಡ್ಡಿ ಕೂರುತ್ತೇನೆ. ಅಜ್ಜಿ ಊಟ ಬಿಟ್ಟು ಕೂತರೆ ಆ ಮಗು ಎಷ್ಟು ದಿನ ಇಲ್ಲ ಅಂದೀತು ಎಂದು ನಿನಗೂ ಗೊತ್ತು.

ಮೀನಾಕ್ಷಮ್ಮ


ಟೀಕಮ್‌ಗಢ
9-9-2023

ಅವ್ವಾ,

ಹೆಣ್ಣು ಸಿಕ್ಕಿತು. ಹೆಸರು ಕ್ರಾಂತಿ. ಇಪ್ಪತ್ತು ವರ್ಷ, ಎಣ್ಣೆಗೆಂಪು, ಕೈ ಬಲು ಚುರುಕು. ಇಲ್ಲಿಗೆ ಹತ್ತಿರ ಕುಂಡೇಶ್ವರ ಎಂದು ದೊಡ್ಡ ಶಿವನ ಗುಡಿಯಿದೆ, ತಲೆತಲಾಂತರದಿಂದ ಅದಕ್ಕೆ ನಡೆದುಕೊಳ್ಳುವ ಮನೆಯವರು. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಗೋಧಿ ಬೆಳೆಯುವ ಜಮೀನಿದೆ, ಎಮ್ಮೆಗಳಿವೆ. ತಂದೆ ಇಲ್ಲ, ತಾಯಿ ಗಟ್ಟಿ ಹೆಂಗಸು.

ಮದುವೆಯನ್ನು ಆ ಗುಡಿಯಲ್ಲೇ ಮಾಡುತ್ತಾರಂತೆ. ನೀನು ಎರಡು ದಿನ ರೈಲಿನಲ್ಲಿ ಕೂರಲಾರೆ. ತೋಂಟ ಬರಲಿ, ನಾನು ಮುಂದೆ ನಿಂತು ಮಾಡಿಸುತ್ತೇನೆ. ಹೆಣ್ಣಿನ ಕಡೆಯವರು ಯಾರೂ ನಮ್ಮ ಊರಿಗೆ ಬರುವುದಿಲ್ಲ, ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ಅದು ಇಲ್ಲಿಯ ಪದ್ಧತಿ.

ಇನ್ನು ಲಿಖಿತಾಳ ಮಾತು ಬೇಡ ತಾನೆ?

ಸುನಂದಾ


ಹಾಲ್ಕುರಿಕೆ
17-1-2024

ಸುನಂದಾ,

ದೂರದ ಬೆಟ್ಟ ನುಣ್ಣಗೆ. ನೀನು ಕಳಿಸಿದ ಸೊಸೆ ಬಂದು ಎರಡು ತಿಂಗಳಾಯಿತು, ಬರೆಯಬೇಕಾದ್ದು ಬಹಳ ಇದೆ.

ಕ್ರಾಂತಿ ಎಂದರೆ ಸಂಕ್ರಾಂತಿಯಲ್ಲಿ ಅರ್ಧವೋ? ಕರೆಯಲು ನಾಲಗೆ ಹೊರಳದು. ಗಿರಿಜಾ ಎಂದು ಹೆಸರಿಟ್ಟೆ. ಮಠಕ್ಕೆ ಕರೆದುಕೊಂಡು ಹೋಗಿ ಲಿಂಗ ಕಟ್ಟಿಸಿದೆ. ಗಂಡಸರು ಯಾರು ಬಂದರೂ ಮೂಗಿನವರೆಗೆ ಸೆರಗು ಎಳೆದುಕೊಳ್ಳುತ್ತಾಳೆ. ಹಾಗೆ ಎಳೆದುಕೊಂಡೇ ಕಾಯಿಪುಟ್ಟಿ ಹೊತ್ತು ಹೋಗಿ ಕಾಲುವೆಗೆ ಬಿದ್ದಳು. ತೋಟದ ಆಳುಗಳೆಲ್ಲ ನಕ್ಕರು. ಅಂದಿನಿಂದ ಸೆರಗಿಗೆ ಪಿನ್ ಚುಚ್ಚಿಸಿದ್ದೇನೆ.

ಮುದ್ದೆಯನ್ನು ಅಗಿದು ತಿನ್ನುತ್ತಾಳೆ ಕಣೇ. ನುಂಗು ಅಂತ ಸನ್ನೆ ಮಾಡಿದರೆ ಓಕರಿಸುತ್ತಾಳೆ. ಗೋಧಿ ಹಿಟ್ಟಿನ ಡಬ್ಬಿಯನ್ನು ಒಳಗಿಟ್ಟು ಬೀಗ ಹಾಕಿದೆ. ನಾಲ್ಕು ದಿನ ಸಾರಿನ ನೀರು ಕುಡಿದುಕೊಂಡಿದ್ದಳು, ಐದನೇ ದಿನ ನುಂಗಿದಳು. ಹೊಟ್ಟೆಗಿಂತ ದೊಡ್ಡ ಮೇಷ್ಟರಿಲ್ಲ.

ಅವಳ ಫೋನನ್ನೂ ಅದೇ ಪೆಟ್ಟಿಗೆಗೆ ಸೇರಿಸಿದೆ. ಮೂರು ಹೊತ್ತೂ ಅದನ್ನು ನೋಡಿಕೊಂಡು ಕಣ್ಣು ಒರೆಸಿಕೊಳ್ಳುವುದು, ಒಲೆಯ ಮೇಲಿನ ಹಾಲು ಉಕ್ಕುವುದು. ಈಗ ಅಟ್ಟದ ಕೆಳಗಿನ ಕೋಣೆ ಅವಳದೇ. ಕೊಬ್ಬರಿ ಒಣಗಲು ಕಾಯಿಗೆ ಹೊಗೆ ಹಾಕುವುದು, ಮಟ್ಟೆ ಒಟ್ಟುವುದು, ಬೂದಿ ತೆಗೆಯುವುದು ಎಲ್ಲ ಕಲಿತಿದ್ದಾಳೆ. ನನಗೆ ಕಿವಿಯಿಲ್ಲ, ಅವಳಿಗೆ ಭಾಷೆಯಿಲ್ಲ, ಆದ್ದರಿಂದ ಜಗಳವೂ ಇಲ್ಲ.

ಮೀನಾಕ್ಷಮ್ಮ


ಟೀಕಮ್‌ಗಢ
6-2-2024

ಅವ್ವಾ,

ನೀನು ಬರೆದದ್ದನ್ನು ಓದಿ ನಗು ಬಂತು. ಆಮೇಲೆ ನಗು ಬರಲಿಲ್ಲ. ಅವರು ಗೋಧಿ ತಿನ್ನುವ ಜನ, ವಾರಕ್ಕೆರಡು ಸಲವಾದರೂ ಚಪಾತಿ ಹಾಕು. ಅವಳ ತಾಯಿ ಫೋನ್ ಯಾಕೆ ಹೋಗುತ್ತಿಲ್ಲ ಎಂದು ನನ್ನನ್ನು ಕೇಳುತ್ತಲೇ ಇರುತ್ತಾರೆ. ತೆಂಗಿನ ತೋಟದೊಳಗೆ ಟವರ್ ಸಿಗುವುದಿಲ್ಲ ಎಂದು ಹೇಳಿದ್ದೇನೆ.

ಲಿಖಿತಾ ಈ ಸೆಮಿಸ್ಟರಿನಲ್ಲಿ ಕಾಲೇಜಿಗೆ ಎರಡನೆಯವಳಾಗಿ ಪಾಸಾದಳು. ಅವಳ ವಿಷಯ ನೀನು ಕೇಳಲಿಲ್ಲ, ಅದಕ್ಕೇ ನಾನಾಗಿ ಬರೆದೆ.

ಸುನಂದಾ


ಹಾಲ್ಕುರಿಕೆ
2-7-2024

ಸುನಂದಾ,

ಗಿರಿಜಾಳಿಗೆ ನಾಲ್ಕು ತಿಂಗಳು. ತೋಂಟ ನಾಚಿಕೊಂಡು ನಿನಗೆ ಹೇಳಿರಲಾರ.

ನಮ್ಮ ಮನೆಯ ರೀತಿ ನಿನಗೆ ಬಿಡಿಸಿ ಹೇಳಬೇಕಿಲ್ಲ. ಏಳಕ್ಕೆ ಬಿದ್ದ ಮೇಲೆ ತವರಿನವರು ಬರಬೇಕು, ಮಡಿಲು ತುಂಬಿಸಿಕೊಂಡು ಕರೆದೊಯ್ಯಬೇಕು. ಚೊಚ್ಚಲ ಹೆರಿಗೆ ಗಂಡನ ಮನೆಯಲ್ಲಿ ಆಗಕೂಡದು. ಡಾಕ್ಟರು, ಔಷಧಿ, ಬಾಣಂತನ ಎಲ್ಲ ತವರಿನ ಜವಾಬ್ದಾರಿ. ಆ ತಾಯಿ ಮದುವೆ ಮುಗಿದ ಮೇಲಂತೂ ಇತ್ತ ತಲೆ ಹಾಕಲಿಲ್ಲ, ಇದಕ್ಕಾದರೂ ಬರಲಿ. ಬಂದರೆ ಅಟ್ಟದ ತುಂಬ ಕಾಯಿದೆ, ಬರಿಗೈಲಿ ಕಳಿಸುವುದಿಲ್ಲ.

ಮೀನಾಕ್ಷಮ್ಮ


ಟೀಕಮ್‌ಗಢ
28-7-2024

ಅವ್ವಾ,

ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಅವಳ ತಾಯಿಗೆ ಹೇಳಿದೆ. ನವರಾತ್ರಿ ಕಳೆದ ಕೂಡಲೇ ಬಂದು ಕರೆದುಕೊಂಡು ಬರುತ್ತಾರಂತೆ. ಅಲ್ಲಿಯತನಕ ನೀನೇ ಅವಳಿಗೆ ತಾಯಿ ಅಂದರು.

ಇದರ ಜೊತೆಗೆ ಒಂದು ಡಬ್ಬ ಪಾರ್ಸೆಲ್ ಮಾಡಿದ್ದೇನೆ. ಒಣಶುಂಠಿ, ಅಂಟು, ಬೆಲ್ಲ, ಕೊಬ್ಬರಿ ಹಾಕಿ ಅವರೇ ಕಟ್ಟಿದ ಉಂಡೆ. ನೋಡು, ನೀನು ನನಗೆ ಮಾಡುತ್ತಿದ್ದ ಅಂಟಿನುಂಡೆಯೇ. ಸಾವಿರ ಮೈಲಿ ಆಚೆಗೂ ಬಸುರಿಗೆ ಕೊಡುವುದು ಅದನ್ನೇ. ಕೊಬ್ಬರಿ ತಿಪಟೂರಿನದು ಎಂದು ಅಂಗಡಿಯವನು ಹೇಳಿದನಂತೆ, ಮಗಳ ಊರಿನದು ಎಂದು ಆಕೆ ಅದನ್ನು ಕಣ್ಣಿಗೆ ಒತ್ತಿಕೊಂಡರು.

ಸುನಂದಾ


ಟೀಕಮ್‌ಗಢ
14-9-2024

ಅವ್ವಾ,

ಈ ಕಾಗದವನ್ನು ಡಬ್ಬಿಗೆ ಹಾಕುವುದಿಲ್ಲ. ಆದರೂ ಬರೆಯದೆ ಇರಲಾರೆ.

ಕ್ರಾಂತಿ ನನ್ನ ಮನೆಯಲ್ಲಿ ಪಾತ್ರೆ ತೊಳೆಯುವ ರಾಮರತಿಯ ಮಗಳು. ಜಮೀನಿಲ್ಲ, ಎಮ್ಮೆಯಿಲ್ಲ, ಬ್ಯಾಂಕಿನ ಹಿಂದೆ ತಗಡಿನ ಒಂದು ಕೋಣೆ. ಲಿಖಿತಾಳಿಗಿಂತ ಎರಡು ತಿಂಗಳು ಚಿಕ್ಕವಳು. ಲಿಖಿತಾಳ ಹಳೆಯ ಚೂಡಿದಾರ ಹಾಕಿಕೊಂಡೇ ಬೆಳೆದಳು. ನೀನು ದೀಪಾವಳಿಯ ಗಡುವು ಹಾಕಿದ ಕಾಗದ ಬಂದ ದಿನ ಅವಳು ನಮ್ಮ ಅಂಗಳ ಗುಡಿಸುತ್ತಿದ್ದಳು. ನಾನು ಕಾಗದ ಓದಿ ತಲೆಯೆತ್ತಿದೆ, ಅವಳು ಕಂಡಳು. ಅಷ್ಟೇ ಆದದ್ದು.

ರಾಮರತಿಗೆ ತೋಂಟನ ವಯಸ್ಸು ಇಪ್ಪತ್ತೊಂಬತ್ತು ಅಂದೆ. ನಮ್ಮವ್ವ ಹೂವಿನಂಥವಳು ಅಂದೆ. ಮದುವೆಯ ದಿನ ಆ ತಾಯಿಗೆ ಉಡಲು ನನ್ನದೇ ಸೀರೆ ಕೊಟ್ಟೆ. ಅವಳಿಗೆ ಓದು ಬರದು. ನಿನ್ನ ಕಾಗದ ಬಂದಾಗಲೆಲ್ಲ ಕೈ ಒರೆಸಿಕೊಂಡು ನನ್ನೆದುರು ಕೂರುತ್ತಾಳೆ. 'ದೀದಿ, ಓದಿ' ಅನ್ನುತ್ತಾಳೆ. ನಾನು ಓದುತ್ತೇನೆ. ಹಾಳೆಯ ಮೇಲೆ ಮುದ್ದೆಯ ಕಥೆ ಇರುತ್ತದೆ, ನನ್ನ ಬಾಯಲ್ಲಿ 'ಅತ್ತೆ ತುಪ್ಪ ಹಾಕಿ ಚಪಾತಿ ಬಡಿಸುತ್ತಾರೆ' ಅಂತ ಬರುತ್ತದೆ. ಕಣ್ಣು ತುಂಬಿಕೊಂಡು ಹೋಗಿ ಉಳಿದ ಪಾತ್ರೆ ತೊಳೆಯುತ್ತಾಳೆ.

ನವರಾತ್ರಿ ಕಳೆದರೂ ಅವಳು ಬರುವುದಿಲ್ಲ ಅವ್ವಾ. ಬರಬೇಕು ಎಂಬುದೇ ಅವಳಿಗೆ ಗೊತ್ತಿಲ್ಲ. ಇಲ್ಲಿ ಮೊದಲ ಹೆರಿಗೆ ಗಂಡನ ಮನೆಯಲ್ಲೇ ಆಗಬೇಕು. ಬಸುರಿ ತವರಿಗೆ ಬಂದರೆ ಗಂಡ ಬಿಟ್ಟ ಅಂದುಕೊಳ್ಳುತ್ತಾರೆ. ಮಗಳನ್ನು ಕೊಟ್ಟ ಮನೆಯಲ್ಲಿ ತಾಯಿ ಒಂದು ಲೋಟ ನೀರು ಕುಡಿಯುವುದೂ ಪಾಪ. ಅಲ್ಲಿ ನೀನು ಅವಳಿಗಾಗಿ ಕಾಯುತ್ತಿದ್ದೀ. ಇಲ್ಲಿ ಅವಳು ನಿನ್ನನ್ನು ನಂಬಿ ನಿಶ್ಚಿಂತೆಯಿಂದ ಇದ್ದಾಳೆ. ಎರಡೂ ಕಡೆಯ ರೀತಿ ಗೊತ್ತಿರುವವಳು ನಾನೊಬ್ಬಳೇ.

ನಿನಗೆ ಅವರ ಪದ್ಧತಿ ಹೇಳಿದರೆ, ಹಾಗಿದ್ದರೆ ಬೀಗಿತಿಯೇ ಬರೆಯಲಿ ಅನ್ನುತ್ತೀ. ಅವಳು ಹೆಬ್ಬೆಟ್ಟು. ಅವಳಿಗೆ ನಮ್ಮ ಪದ್ಧತಿ ಹೇಳಿದರೆ, ಪಾಪವೋ ಪುಣ್ಯವೋ ರೈಲು ಹತ್ತಿ ಬಂದು ನಿನ್ನ ಬಾಗಿಲಲ್ಲಿ ನಿಲ್ಲುತ್ತಾಳೆ. ಅವಳ ಕೈ ನೋಡಿದರೆ ಸಾಕು, ಯಾರೆಂದು ನಿನಗೆ ತಿಳಿಯುತ್ತದೆ. ನೀನು ಆ ಹುಡುಗಿಯನ್ನು ಹೊರಗೆ ಹಾಕಿ ಲಿಖಿತಾಳನ್ನು ಕೇಳುತ್ತೀ. ನನಗೆ ಹೆದರಿಕೆಯಾಗುತ್ತದೆ. ಕ್ರಾಂತಿಯ ಬಗ್ಗೆ ಹೆದರಿಕೆಯಾಗಬೇಕಿತ್ತು, ಲಿಖಿತಾಳ ಬಗ್ಗೆ ಆಗುತ್ತಿದೆ.

ಸುನಂದಾ


ಹಾಲ್ಕುರಿಕೆ
6-10-2024

ಸುನಂದಾ,

ನವರಾತ್ರಿ ಶುರುವಾಯಿತು, ನಿನ್ನ ಬೀಗರು ಹೊರಡುವ ಸುದ್ದಿಯೇ ಇಲ್ಲವಲ್ಲ? ಏಳು ತುಂಬಿ ಎಂಟರಲ್ಲಿದ್ದಾಳೆ. ಊರಿನ ಹೆಂಗಸರು ಎದುರಿಗೆ ಸಿಕ್ಕರೆ ಹೊಟ್ಟೆ ತೋರಿಸಿ, ಕೈ ತಿರುಗಿಸಿ ಕೇಳುತ್ತಾರೆ. ಏನು ಹೇಳಲಿ?

ಉಂಡೆಯ ಡಬ್ಬ ಬಂತು. ಯಾರ ಕೈಯಲ್ಲಿ ಕಟ್ಟಿದ್ದೋ ಏನೋ, ಹಸುವಿಗೆ ಹಾಕಿದೆ. ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿದಳು. ಹಸು ತಿಂದು ಮುಗಿಸುವವರೆಗೂ ನಿಂತಿದ್ದಳು.

ಮೈಕೈ ಚೆನ್ನಾಗಿ ತುಂಬಿಕೊಂಡಿದ್ದಾಳೆ. ಮುಖ ಬುಂಡೆಯಾಗಿದೆ, ಕಾಲುಂಗುರ ಬೆರಳಲ್ಲಿ ಹೂತುಹೋಗಿ ಕತ್ತರಿಸಿ ತೆಗೆಯಬೇಕಾಯಿತು. ನನ್ನ ಮನೆಯ ಅನ್ನ ಮೈಗೆ ಹತ್ತಿದೆ ಎಂದು ಅವರಿಗೆ ಹೇಳು. ಆದರೆ ಸೋಗು ಜಾಸ್ತಿ. ಹೊಗೆ ಹಾಕಲು ಕಳಿಸಿದರೆ ತಲೆ ಹಿಡಿದುಕೊಂಡು ಕೂರುತ್ತಾಳೆ. ಕಣ್ಣ ಮುಂದೆ ಬೆರಳು ಆಡಿಸಿ ಏನೋ ತೋರಿಸುತ್ತಾಳೆ. ಕಿಡಿ ಹಾರಿದ ಹಾಗೆ ಕಾಣುತ್ತದಂತೆ, ತೋಂಟ ಚೀಟಿಯಲ್ಲಿ ಬರೆದು ತೋರಿಸಿದ. ಒಲೆಯ ಮುಂದೆ ಕೂತವಳಿಗೆ ಕಿಡಿ ಕಾಣದೆ ಇನ್ನೇನು ಕಂಡೀತು?

ಆಶಾ ಕಾರ್ಯಕರ್ತೆ ಎರಡು ಸಲ ಬಂದಳು. ತಾಯಿ ಕಾರ್ಡ್ ಮಾಡಿಸಿ, ರಕ್ತ ನೋಡಬೇಕು, ಬಿಪಿ ನೋಡಬೇಕು ಎಂದು ಬರೆದು ತೋರಿಸಿದಳು. ಇವಳು ತವರಿಗೆ ಹೋಗುವವಳು, ಕಾರ್ಡೂ ಅಲ್ಲೇ ಆಗುತ್ತದೆ ಎಂದು ಕಳಿಸಿಬಿಟ್ಟೆ. ಬೇಗ ಬರಲಿ.

ಮೀನಾಕ್ಷಮ್ಮ


ಟೀಕಮ್‌ಗಢ
19-10-2024

ಅವ್ವಾ,

ಹೊರಡುವ ದಿನವೇ ಕ್ರಾಂತಿಯ ತಾಯಿ ಮೆಟ್ಟಿಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಪಟ್ಟಿ ಹಾಕಿದ್ದಾರೆ. ಇದೊಂದು ಸಲ ನಿಯಮ ಸಡಿಲಿಸು, ಅಲ್ಲೇ ಹೆರಿಗೆಯಾಗಲಿ. ದೇವರು ಕೋಪಿಸಿಕೊಳ್ಳುವುದಿಲ್ಲ.

ಇಲ್ಲಿ ಚಳಿ ಶುರುವಾಗಿದೆ. ಲಿಖಿತಾ ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತಾಳಂತೆ. ಅವಳಿಗೆ ಓದಿನ ಹುಚ್ಚು.

ಇನ್ನೊಂದು ಮಾತು. ಕಾಲು ಊದುವುದು, ಕಣ್ಣಿಗೆ ಕಿಡಿ ಕಾಣುವುದು ಒಳ್ಳೆಯದಲ್ಲ ಎಂದು ಎಲ್ಲೋ ಓದಿದ ನೆನಪು. ತಿಪಟೂರಿಗೆ ಹೋಗುವವರು ಇದ್ದರೆ ಜೊತೆಗೆ ಕಳಿಸಿ ಡಾಕ್ಟರಿಗೆ ಒಮ್ಮೆ ತೋರಿಸಿಬಿಡು. ತೋಂಟನಿಗೆ ಫೋನಿನಲ್ಲೂ ಹೇಳಿದೆ, 'ಅವ್ವನ್ ಕೇಳ್ಬೇಕು ಕಣಕ್ಕ' ಅಂದ.

ಸುನಂದಾ


ಹಾಲ್ಕುರಿಕೆ
8-11-2024

ಸುನಂದಾ,

ತೋಂಟ ಫೋನಿನಲ್ಲಿ ಅಳುವುದೇ ಹೆಚ್ಚಾಗಿ ಅರ್ಧವೂ ಹೇಳಿರಲಾರ. ಪೂರ್ತಿ ನಾನು ಬರೆಯುತ್ತೇನೆ.

ಬಲಿಪಾಡ್ಯಮಿಯ ಬೆಳಿಗ್ಗೆ ಕೊಟ್ಟಿಗೆ ಸಾರಿಸುತ್ತಿದ್ದವಳು ಬಗ್ಗಿದಲ್ಲೇ ಬಿದ್ದಳು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಮೂರ್ಛೆ ರೋಗ ಇರುವುದನ್ನು ಮುಚ್ಚಿಟ್ಟು ಕೊಟ್ಟಿದ್ದಾರೆ ಅಂದುಕೊಂಡು ಕೈಯಲ್ಲಿ ಬೀಗದ ಕೈ ಹಿಡಿಸಿದೆವು. ನಿಂತಿತು, ಮತ್ತೆ ಬಂತು. ಪಕ್ಕದ ಮನೆಯ ಗಂಗಾಧರಯ್ಯನ ಜೀಪಿನಲ್ಲಿ ತಿಪಟೂರಿಗೆ, ಅಲ್ಲಿಂದ ಹಾಸನಕ್ಕೆ. ನಿನ್ನ ಕಾಗದ ಅವತ್ತು ಇನ್ನೂ ದಾರಿಯಲ್ಲಿತ್ತು. ಮಾರನೆಯ ದಿನಕ್ಕಲ್ಲ, ಮೂರನೆಯ ದಿನಕ್ಕೆ ಬಂತು.

ಬಿಪಿ ಏರಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ, ತಾಯಿ ಕಾರ್ಡ್ ಎಲ್ಲಿ ಎಂದು ಡಾಕ್ಟರು ತೋಂಟನನ್ನು ಬೈದರಂತೆ. ಹೊಟ್ಟೆ ಕುಯ್ದು ಮಗು ತೆಗೆದರು. ಗಂಡು. ಬದುಕಿದೆ. ಅವಳು ಮಧ್ಯಾಹ್ನದವರೆಗೆ ಇದ್ದಳು. ಕೊನೆಯಲ್ಲಿ ಏನೋ ಹೇಳಿದಳಂತೆ, ಅವರ ಭಾಷೆಯಲ್ಲಿ ಹೇಳಿದ್ದರಿಂದ ನರ್ಸಿಗೆ ಅರ್ಥವಾಗಲಿಲ್ಲವಂತೆ. ತೋಂಟ ಔಷಧಿ ತರಲು ಹೋಗಿದ್ದ.

ತೋಟದ ಮೂಲೆಯಲ್ಲಿ ನಿನ್ನ ತಂದೆಯ ಸಮಾಧಿಯ ಸಾಲಿನಲ್ಲೇ ಕೂರಿಸಿ ಮಣ್ಣು ಮಾಡಿದೆವು. ಪರದೇಶದವಳು ಎಂದು ಭೇದ ಮಾಡಲಿಲ್ಲ. ಆದರೆ ಅವಳ ಕಡೆಯ ಒಂದು ನರಪಿಳ್ಳೆಯೂ ಬರಲಿಲ್ಲವಲ್ಲ, ಎಂಥ ಕಲ್ಲು ತಾಯಿ ಕಣೇ ಅವಳು.

ಮೀನಾಕ್ಷಮ್ಮ


ಟೀಕಮ್‌ಗಢ
18-11-2024

ಅವ್ವಾ,

ಅವಳ ತಾಯಿಗೆ ನಾಲ್ಕು ದಿನ ತಡೆದು ಹೇಳಿದೆ. ಮೊದಲೇ ಹೇಳಿದ್ದರೆ ಮಣ್ಣಿನ ಹೊತ್ತಿಗೆ ಬರಲಾಗದೆ ದಾರಿಯಲ್ಲಿ ಹುಚ್ಚಿಯಾಗುತ್ತಿದ್ದರು. ಕೂತ ಕಡೆಯೇ ಕೂತಿದ್ದಾರೆ. ಅಳುವುದಿಲ್ಲ. 'ತುಪ್ಪ ಹಾಕ್ತಿದ್ರು ಅಲ್ವಾ ದೀದಿ?' ಎಂದು ಮಾತ್ರ ಕೇಳುತ್ತಾರೆ.

ಈಗ ಅಸ್ಥಿ ಕೇಳುತ್ತಿದ್ದಾರೆ. ಇಲ್ಲಿಯವರು ಸುಡುವ ಜನ. ಅಸ್ಥಿಯನ್ನು ಬೇತ್ವಾ ನದಿಗೆ ಬಿಟ್ಟರೇ ಮುಕ್ತಿ. ಮಣ್ಣಲ್ಲಿ ಹೂಳುವುದು ಹಾಲುಗೂಸನ್ನು ಮಾತ್ರ. ಮಗಳನ್ನು ಹೂತಿದ್ದಾರೆ ಎಂದರೆ ಆಕೆ ಉಳಿಯುವುದಿಲ್ಲ. ಒಂದು ಹಿಡಿ ಬೂದಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಪಾರ್ಸೆಲ್ ಮಾಡು. ಯಾವುದಾದರೂ ನಡೆಯುತ್ತದೆ.

ಲಿಖಿತಾ ಸರಿಯಾಗಿ ಊಟ ಮಾಡುತ್ತಿಲ್ಲ. ಕ್ರಾಂತಿ ಅವಳ ಜೊತೆಯಲ್ಲಿ ಆಡಿದವಳು.

ಸುನಂದಾ


ಹಾಲ್ಕುರಿಕೆ
2-12-2024

ಸುನಂದಾ,

ಅಟ್ಟದ ಮನೆಯಲ್ಲಿ ಬೂದಿಗೆ ಬರವೇ? ಕರಟದ ಬೂದಿ, ಜರಡಿ ಹಿಡಿದು ಕಳಿಸಿದ್ದೇನೆ.

'ಜೊತೆಯಲ್ಲಿ ಆಡಿದವಳು' ಎಂದು ಕೈ ತಪ್ಪಿ ಬರೆದಿದ್ದೀ. ಇರಲಿ, ನಾಟಕ ಸಾಕು. ಕಿವಿಯಿಲ್ಲದವಳಿಗೆ ಕಣ್ಣು ಎರಡರಷ್ಟು. ಅವಳು ಬಂದ ಮೊದಲ ವಾರವೇ ಫೋನಿನಲ್ಲಿ ತನ್ನ ತಾಯಿಯ ಚಿತ್ರ ತೋರಿಸಿದಳು. ಮೈಮೇಲೆ ನಿನ್ನ ಸೀಮಂತಕ್ಕೆ ನಾನು ಉಡಿಸಿದ ಹಸಿರು ರೇಷ್ಮೆ ಸೀರೆ. ಕೈ ನೋಡಿದೆ, ಬೆರಳ ಸಂದಿಯೆಲ್ಲ ಸೋಪಿನ ನೀರಿಗೆ ಕೊಳೆತದ್ದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ತೋಂಟನನ್ನು ನಿಲ್ಲಿಸಿ ಕೇಳಿದೆ, ಬಾಯಿ ಬಿಟ್ಟ. ಊರವರು ಯಾರಾದರೂ ಆ ಚಿತ್ರ ನೋಡಿಯಾರು ಎಂದು ಫೋನಿಗೆ ಬೀಗ ಹಾಕಿದ್ದು.

ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಅನ್ನುತ್ತೀಯಾ? ದೊಡ್ಡಮನೆಯ ಹೆಣ್ಣು ತಂದಿದ್ದರೆ ಬೆಳಗಿನ ಐದಕ್ಕೆ ನಾನೇ ಏಳಬೇಕಿತ್ತು. ಇವಳು ನಾಲ್ಕಕ್ಕೇ ಏಳುತ್ತಿದ್ದಳು. ಹೊರಗೆ ಹಾಕುವ ಯೋಚನೆ ನನಗೆ ಒಂದು ದಿನವೂ ಬರಲಿಲ್ಲ. ಅವರ ಕಡೆ ಹೆರಿಗೆ ಗಂಡನ ಮನೆಯಲ್ಲಂತೆ, ಸತ್ತ ಮೇಲೆ ತೋಂಟ ಹೇಳುತ್ತಾನೆ. ನೀನು ಆ ಒಂದು ಸಾಲು ಬರೆದಿದ್ದರೆ ನಾನೇ ಆಸ್ಪತ್ರೆಗೆ ನಡೆಸಿಕೊಂಡು ಹೋಗುತ್ತಿದ್ದೆ. ನಾನು ಅವರಿಗಾಗಿ ಕಾದೆ. ನಾನು ಕಾಯಲಿ ಎಂದು ನೀನು ಬಿಟ್ಟೆ.

ಈಗ ಮಗುವಿಗೆ ಒಂದು ತಿಂಗಳು. ನನ್ನ ಕೈ ನಡುಗುತ್ತದೆ, ಅದು ಅತ್ತರೆ ನನಗೆ ಕೇಳಿಸುವುದಿಲ್ಲ. ಸಂಕ್ರಾಂತಿಯೊಳಗೆ ಲಿಖಿತಾಳನ್ನು ಕರೆದುಕೊಂಡು ಬಾ. ಬರದಿದ್ದರೆ ತಿಪ್ಪಯ್ಯ ಮೇಷ್ಟರ ಕೈಯಲ್ಲಿ ಹಿಂದಿಯಲ್ಲಿ ಕಾಗದ ಬರೆಸುತ್ತೇನೆ. ವಿಳಾಸ ನಿನ್ನದು, ಹೆಸರು ರಾಮರತಿಯದು. ಓದಿ ಹೇಳಲು ಲಿಖಿತಾ ಇದ್ದಾಳಲ್ಲ.

ಮೀನಾಕ್ಷಮ್ಮ


ಟೀಕಮ್‌ಗಢ
23-12-2024

ಅವ್ವಾ,

ಬೂದಿ ಬಂತು. ನಾನೇ ರಾಮರತಿಯನ್ನು ಓರ್ಛಾಕ್ಕೆ ಕರೆದುಕೊಂಡು ಹೋದೆ. ಬೇತ್ವಾದ ನೀರು ಮೊಣಕಾಲಿಗೆ ಬರುವವರೆಗೂ ಇಳಿದು ಗಂಟು ಬಿಚ್ಚಿದಳು. ಬೆರಳು ಹಾಕಿ ಬಹಳ ಹೊತ್ತು ಹುಡುಕಿದಳು. 'ಒಂದು ಎಲುಬಿನ ಚೂರೂ ಇಲ್ವಲ್ಲ ದೀದಿ' ಅಂದಳು. ನಮ್ಮ ಕಡೆ ಕರಟದ ಬೆಂಕಿ, ಬಹಳ ಜೋರು, ಏನೂ ಉಳಿಸುವುದಿಲ್ಲ ಅಂದೆ. ನಂಬಿದಳು. ನೀರಿಗೆ ಬಿಟ್ಟು ದಡಕ್ಕೆ ಬಂದು ನನ್ನ ಕಾಲು ಮುಟ್ಟಿದಳು.

ಲಿಖಿತಾಳನ್ನು ಕಳಿಸುವುದಿಲ್ಲ. ನೀನು ಯಾರ ಕೈಯಲ್ಲಿ ಏನು ಬರೆಸಿದರೂ ಕಳಿಸುವುದಿಲ್ಲ. ಆದರೆ ಬರೆಸಬೇಡ, ಬರೆಸುವ ಅಗತ್ಯವೂ ಬೀಳುವುದಿಲ್ಲ. ಪೂರ್ತಿ ಓದು.

ನದಿಯಿಂದ ಬಂದ ಮೇಲೆ ರಾಮರತಿ ಹಾಸಿಗೆ ಹಿಡಿದಿದ್ದಾಳೆ. ಕೆಲಸಕ್ಕೆ ಅವಳ ಚಿಕ್ಕ ಮಗಳು ಸಪ್ನಾ ಬರುತ್ತಿದ್ದಾಳೆ. ಕಾರ್ತಿಕಕ್ಕೆ ಹದಿನೆಂಟು ತುಂಬಿತು. ನಿನ್ನೆ ರಾಮರತಿಯೇ ನನ್ನನ್ನು ಕರೆಸಿಕೊಂಡಳು. 'ಮೊಮ್ಮಗನನ್ನ ಯಾರು ಸಾಕ್ತಾರೆ ದೀದಿ? ಬೇರೆ ಹೆಣ್ಣು ಬಂದ್ರೆ ಮಲತಾಯಿ ಆಗ್ತಾಳೆ. ನಮ್ಮ ಕ್ರಾಂತಿಗೆ ನಿಮ್ಮಮ್ಮ ಅಷ್ಟು ಪ್ರೀತಿ ಕೊಟ್ರಲ್ಲ, ಅವರ ಮನೆಗೇ ಸಪ್ನಾಳನ್ನೂ ಕೊಡ್ತೀನಿ. ಅವರು ಬೇಡ ಅನ್ನದ ಹಾಗೆ ನೀವೇ ಒಂದು ಮಾತು ಬರೀಬೇಕು' ಎಂದು ಕೈಮುಗಿದಳು. ಅವಳು ಹಾಗೆ ಕೇಳಿಕೊಳ್ಳಲು ಕಾರಣ ನಾನು ಓದಿ ಹೇಳಿದ ಕಾಗದಗಳು. ನನಗೆ ಗೊತ್ತು.

ಊಟದಲ್ಲಿ, ಹೆರಿಗೆಯಲ್ಲಿ, ಸತ್ತವರನ್ನು ಕಳಿಸುವುದರಲ್ಲಿ ಈ ಊರಿಗೂ ನಮ್ಮ ಊರಿಗೂ ಒಂದೂ ಹೊಂದುವುದಿಲ್ಲ ಅಂದುಕೊಂಡಿದ್ದೆ. ಅಕ್ಕ ಸತ್ತರೆ ಆ ಜಾಗಕ್ಕೆ ತಂಗಿಯನ್ನು ಕೊಡುವುದು ಮಾತ್ರ ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಆಗಲಿ ಅಂದೆ.

ಹುಡುಗಿಗೆ ಇನ್ನೂ ಗೊತ್ತಿಲ್ಲ. ಈಗ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಾಳೆ. ಲಿಖಿತಾ ಪಕ್ಕದಲ್ಲಿ ಕೂತು ಅವಳ ಹನ್ನೆರಡನೇ ಕ್ಲಾಸಿನ ಇಂಗ್ಲಿಷ್ ಪಾಠ ಓದಿಸುತ್ತಿದ್ದಾಳೆ. ತೋಂಟ ಯಾವ ದಿನ ಬರುತ್ತಾನೆ ಎಂದು ಬರೆ.

ಸುನಂದಾ